ಬೆದೆ ಬೇರೆ, ಮುಟ್ಟು ಬೇರೆ

ಅಪಾರ್ಟ್‌ಮೆಂಟುಗಳಲ್ಲಿ ಹೆಣ್ಣು ನಾಯಿ ಸಾಕಿದವರ ಬಾಯಲ್ಲಿ ವರ್ಷಕ್ಕೆ ಒಂದೆರಡು ಸಲ ಬರುವ ಮಾತೊಂದಿದೆ: "ನಮ್ಮ ಜೂಲಿಗೆ ಪೀರಿಯಡ್ಸ್ ಶುರುವಾಗಿದೆ." ನೆಲದ ಮೇಲೆ ರಕ್ತದ ಹನಿ ಕಂಡ ಕೂಡಲೇ ಹೊಳೆಯುವ ಪದ ಅದೇ. ಆ ಪದದ ಹಿಂದೆಯೇ ಒಂದು ಲೆಕ್ಕಾಚಾರವೂ ಬರುತ್ತದೆ. ಇನ್ನೇನು ಐದಾರು ದಿನ, ರಕ್ತ ನಿಂತರೆ ಎಲ್ಲ ಮುಗಿಯಿತು, ಆಮೇಲೆ ಎಂದಿನಂತೆ ಕೆಳಗೆ ಆಡಲು ಬಿಡಬಹುದು. ಹೀಗೆ ಬಿಟ್ಟ ಎರಡು ತಿಂಗಳಿಗೆ ಮರಿಗಳು ಹುಟ್ಟುತ್ತವೆ. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ "ಮರಿ ಬೇಕಾದವರು ತಿಳಿಸಿ" ಎಂದು ಫೋಟೊ ಬರುತ್ತದೆ.

ಊರಿನಲ್ಲಿ ಹೀಗೆ ಮಾತಾಡುತ್ತಿರಲಿಲ್ಲ. ಹಸು, ಎಮ್ಮೆ, ಆಡು, ನಾಯಿ ಯಾವುದೇ ಇರಲಿ, "ಬೆದೆಗೆ ಬಂದಿದೆ" ಅನ್ನುತ್ತಿದ್ದರು. ಮುಟ್ಟು ಎಂಬುದು ಮನುಷ್ಯರಿಗೆ ಮಾತ್ರ. ಅದನ್ನೂ ನೇರವಾಗಿ ಹೇಳದೆ "ಹೊರಗೆ ಕೂತಿದ್ದಾಳೆ", "ಕಾಗೆ ಮುಟ್ಟಿದೆ" ಎಂದು ಬಳಸಿ ಹೇಳುವುದಿತ್ತು. ಮಾತು ಎಷ್ಟೇ ಬಳಸಿದರೂ ಈ ಎರಡು ಪದಗಳು ಮಾತ್ರ ಒಂದರ ಜಾಗಕ್ಕೆ ಇನ್ನೊಂದು ಬರುತ್ತಿರಲಿಲ್ಲ. ಇದೇನು ದೊಡ್ಡ ಸಂಗತಿ ಅನ್ನಿಸಬಹುದು. ಆದರೆ 19ನೇ ಶತಮಾನದ ಯುರೋಪಿನ ವೈದ್ಯಶಾಸ್ತ್ರ ಇವೆರಡನ್ನೂ ಒಂದೇ ಎಂದು ತೀರ್ಮಾನಿಸಿ, ಅದರಿಂದ ಹೊರಬರಲು ಸುಮಾರು ಎಂಬತ್ತು ವರ್ಷ ತೆಗೆದುಕೊಂಡಿತು. ಆ ತಪ್ಪಿಗೆ ಬೆಲೆ ತೆತ್ತವರು ಹೆಂಗಸರು. ತಪ್ಪಿಗೆ ಆಧಾರವಾದದ್ದು ಕೋಣೆಯಲ್ಲಿ ಕೂಡಿಹಾಕಿದ, ಬೆದೆಗೆ ಬಂದ ಒಂದು ಹೆಣ್ಣು ನಾಯಿ.

ಕಥೆಗೆ ಮೊದಲು ಮೂರು ರಕ್ತಗಳ ವ್ಯತ್ಯಾಸ ಹೇಳಿಬಿಡುತ್ತೇನೆ. ಹೆಂಗಸರಲ್ಲಿ ಗರ್ಭಕೋಶದ ಒಳಪದರ ಬಸಿರಿಗೆಂದು ಸಿದ್ಧವಾಗಿ, ಬಸಿರು ನಿಲ್ಲದಿದ್ದಾಗ ಕಳಚಿ ಹೋಗುತ್ತದೆ. ಅಂದರೆ ಮುಟ್ಟು ಒಂದು ಸುತ್ತಿನ ಮುಕ್ತಾಯ. ಅಂಡಾಣು ಬಿಡುಗಡೆಯಾಗಿ ಆಗಲೇ ಎರಡು ವಾರ ಕಳೆದಿರುತ್ತದೆ. ನಾಯಿಯಲ್ಲಿ ಇದಕ್ಕೆ ತದ್ವಿರುದ್ಧ. ಅಂಡಾಶಯದಲ್ಲಿ ಕೋಶಗಳು ಬೆಳೆಯುತ್ತಿರುವಾಗ ಈಸ್ಟ್ರೊಜೆನ್ ಏರಿ, ಗರ್ಭಕೋಶಕ್ಕೆ ರಕ್ತಸಂಚಾರ ಹೆಚ್ಚಿ, ಸಣ್ಣ ರಕ್ತನಾಳಗಳಿಂದ ರಕ್ತ ಒಸರುತ್ತದೆ. ಇದು ಆರಂಭ, ಅಂಡಾಣು ಇನ್ನೂ ಬರಬೇಕಿದೆ. ಹಸುವಿನದು ಮೂರನೆಯ ಬಗೆ. ಬೆದೆ ಇಳಿದ ಒಂದರಿಂದ ಮೂರು ದಿನದೊಳಗೆ ಕೆಲವು ಹಸುಗಳ ಬಾಲಕ್ಕೆ ರಕ್ತದ ಕಲೆ ಅಂಟುತ್ತದೆ. ಅದನ್ನು ಕಂಡಾಗ ಹೋರಿ ಕೊಡಿಸುವ ಹೊತ್ತು ಮೀರಿತೆಂದು ತಿಳಿಯಬೇಕು. ಕಣ್ಣಿಗೆ ಕಾಣುವ ಬಣ್ಣ ಒಂದೇ. ಅದು ಹೇಳುವ ಸುದ್ದಿ ಒಂದೊಂದರಲ್ಲಿ ಒಂದೊಂದು: ಹೆಂಗಸಿನಲ್ಲಿ "ಈ ಸಲ ಆಗಲಿಲ್ಲ", ಹಸುವಿನಲ್ಲಿ "ಈಗಷ್ಟೇ ಮುಗಿಯಿತು", ನಾಯಿಯಲ್ಲಿ "ಇನ್ನು ಮುಂದೆ ಇದೆ".

ನಾಯಿಯ ದಿನಗಳನ್ನು ಲೆಕ್ಕ ಹಾಕಿ ಬರೆದಿಟ್ಟ ಹಳೆಯ ದಾಖಲೆಗಳಲ್ಲಿ ಹೆಸರಾದದ್ದು ಅರಿಸ್ಟಾಟಲನದು, ಕ್ರಿಸ್ತಪೂರ್ವ 4ನೇ ಶತಮಾನದ್ದು. ಪ್ರಾಣಿಗಳ ಬಗೆಗಿನ ತನ್ನ ಗ್ರಂಥದ ಆರನೆಯ ಭಾಗದಲ್ಲಿ ಅವನು ಹೇಳುವುದು ಹೀಗೆ: ಹೆಣ್ಣು ನಾಯಿಗೆ ಏಳು ದಿನ ರಕ್ತ ಹೋಗುತ್ತದೆ, ಆಗ ಜನನಾಂಗ ಊದಿಕೊಳ್ಳುತ್ತದೆ, ಈ ದಿನಗಳಲ್ಲಿ ಅದು ಗಂಡನ್ನು ಹತ್ತಿರ ಬಿಡುವುದಿಲ್ಲ. ಬಿಟ್ಟುಕೊಳ್ಳುವುದು ಅದರ ಮುಂದಿನ ಏಳು ದಿನಗಳಲ್ಲಿ. ಒಟ್ಟು ಹದಿನಾಲ್ಕು, ಕೆಲವೊಮ್ಮೆ ಹದಿನಾರು ದಿನ. ಇಂದಿನ ಪಶುವೈದ್ಯರು ಒಂಬತ್ತು ಮತ್ತು ಒಂಬತ್ತು ಎನ್ನುತ್ತಾರೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಲೆಕ್ಕಕ್ಕೆ ಇದು ಸಣ್ಣ ಅಂತರ. ಮೊದಲು ರಕ್ತ, ಆಮೇಲೆ ಕೂಡಿಕೆ ಎಂಬ ಕ್ರಮವನ್ನು ಅವನು ಸರಿಯಾಗಿ ಹಿಡಿದಿದ್ದ. ಆದರೆ ಆ ರಕ್ತಕ್ಕೆ ಅವನು ಬಳಸಿದ ಗ್ರೀಕ್ ಪದ ಹೆಂಗಸರ ಮುಟ್ಟಿಗೆ ಬಳಸುವ ಪದವೇ. ಲೆಕ್ಕ ಸರಿಯಾಗಿತ್ತು, ಹೆಸರು ಎರವಲಿನದು. ಮುಂದಿನವರು ಲೆಕ್ಕವನ್ನು ಮರೆತು ಹೆಸರನ್ನು ಉಳಿಸಿಕೊಂಡರು.

ಮನೆಯೊಳಗೆ ಬೀಗ ಹಾಕಿದ ಹೆಣ್ಣು ನಾಯಿ ವಿಜ್ಞಾನದ ಚರಿತ್ರೆಯಲ್ಲಿ ಹೆಸರು ಮಾಡಿದ್ದು 1780ರ ಸುಮಾರಿಗೆ. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದಲ್ಲಿ ಲಜ್ಜಾರೊ ಸ್ಪಲಾಂಜಾನಿ ಎಂಬ ಪಾದ್ರಿ ಪ್ರಾಧ್ಯಾಪಕ ಇದ್ದ. ಕಪ್ಪೆಗಳ ಮೇಲೆ ಪ್ರಯೋಗ ಮಾಡಿ, ವೀರ್ಯ ತಾಗದೆ ಮೊಟ್ಟೆ ಫಲಿಸುವುದಿಲ್ಲ ಎಂದು ತೋರಿಸಿದ್ದವನು. ಅದನ್ನೇ ನಾಯಿಯಲ್ಲಿ ನೋಡಬೇಕೆಂದು, ಹಿಂದೆ ಒಮ್ಮೆ ಮರಿ ಹಾಕಿದ್ದ ಒಂದು ಸ್ಪೇನಿಯಲ್ ಜಾತಿಯ ಹೆಣ್ಣು ನಾಯಿಯನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದ. ಬೇರೆ ಯಾರೂ ಬಾಗಿಲು ತೆಗೆಯಬಾರದೆಂದು ಕೀಲಿಯನ್ನು ತಾನೇ ಇಟ್ಟುಕೊಂಡ. ಊಟ ನೀರು ತಾನೇ ಕೊಟ್ಟ. ಹದಿಮೂರನೆಯ ದಿನ ಊತವೂ ರಕ್ತವೂ ಕಂಡವು. ಅವನು ಆತುರಪಡಲಿಲ್ಲ. ಇನ್ನೂ ಹತ್ತು ದಿನ ಕಾದು, ಇಪ್ಪತ್ತಮೂರನೆಯ ದಿನ ನಾಯಿ ಗಂಡಿಗೆ ಸಿದ್ಧವಾಗಿದೆ ಅನ್ನಿಸಿದಾಗ, ಅದೇ ಜಾತಿಯ ಗಂಡು ನಾಯಿಯ 19 ಗ್ರೇನ್ ವೀರ್ಯವನ್ನು ಮೈಶಾಖಕ್ಕೆ ಬೆಚ್ಚಗೆ ಮಾಡಿದ ಸಿರಿಂಜಿನಲ್ಲಿ ತೆಗೆದು ಗರ್ಭಕೋಶಕ್ಕೆ ಸೇರಿಸಿದ. ಎರಡು ದಿನದಲ್ಲಿ ಬೆದೆ ಇಳಿಯಿತು. 62 ದಿನಕ್ಕೆ ಮೂರು ಮರಿಗಳು ಹುಟ್ಟಿದವು, ಎರಡು ಗಂಡು, ಒಂದು ಹೆಣ್ಣು. ಸಸ್ತನಿಗಳಲ್ಲಿ ಯಶಸ್ವಿಯಾದ ಮೊದಲ ಕೃತಕ ಗರ್ಭಧಾರಣೆ ಎಂದು ದಾಖಲೆಯಾದದ್ದು ಇದು. ನಮ್ಮ ಹಳ್ಳಿಗಳ ಪಶು ಆಸ್ಪತ್ರೆಯಲ್ಲಿ ಹಸುವಿಗೆ "ಇಂಜೆಕ್ಷನ್ ಕೊಡಿಸುವ" ಪದ್ಧತಿಯ ಮೂಲ ಇಲ್ಲಿದೆ. ಆ ಹತ್ತು ದಿನಗಳನ್ನು ಗಮನಿಸಿ. ರಕ್ತ ಕಂಡ ದಿನವೇ ಅವನು ಅವಸರಪಟ್ಟಿದ್ದರೆ ಪ್ರಯೋಗ ಬಹುಶಃ ಸೋಲುತ್ತಿತ್ತು.

ಆದರೆ ಆಗ ಸಸ್ತನಿಯ ಅಂಡಾಣುವನ್ನು ಕಣ್ಣಾರೆ ನೋಡಿದವರಿರಲಿಲ್ಲ. ಅಂಡಾಶಯದ ಮೇಲೆ ಗುಳ್ಳೆಗಳಂತೆ ಕಾಣುವ ಕೋಶಗಳನ್ನು 1672ರಲ್ಲಿ ಡಚ್ ವೈದ್ಯ ಡಿ ಗ್ರಾಫ್ ವಿವರಿಸಿ, ಅವೇ ಮೊಟ್ಟೆಗಳೆಂದು ತಿಳಿದಿದ್ದ. ನಿಜವಾದ ಅಂಡಾಣು ಅದರೊಳಗೆ ಇರುವ ಚುಕ್ಕೆ ಎಂಬುದು ಗೊತ್ತಾದದ್ದು 1827ರಲ್ಲಿ, ಕೋನಿಗ್ಸ್‌ಬರ್ಗಿನಲ್ಲಿ. ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿಗೆ ಕೆಲವೇ ದಿನಗಳ ಹಿಂದೆ ಕೂಡಿಕೆಯಾದ ಹೆಣ್ಣು ನಾಯಿಯೊಂದು ಬೇಕಿತ್ತು. ಅಂಥದ್ದು ಇದ್ದದ್ದು ಅವನ ಹಿರಿಯ ಸಹೋದ್ಯೋಗಿ ಬುರ್ಡಾಖ್ ಮನೆಯಲ್ಲಿ, ಮನೆಯವರ ಸಾಕು ನಾಯಿ. ಅದನ್ನೇ ಬಲಿ ಕೊಟ್ಟರು. ಕೋಶದೊಳಗಿನ ಹಳದಿ ಚುಕ್ಕೆಯನ್ನು ಬೇರ್ ಸೂಕ್ಷ್ಮದರ್ಶಕದಲ್ಲಿ ಕಂಡ. ನಾವೆಲ್ಲರೂ ಒಂದು ಅಂಡಾಣುವಿನಿಂದ ಶುರುವಾದವರು ಎಂದು ಇಂದು ಹೈಸ್ಕೂಲ್ ಹುಡುಗರೂ ಹೇಳುತ್ತಾರೆ. ಆ ತಿಳಿವಳಿಕೆ ಸಿಕ್ಕಿದ್ದು ಹೆಸರು ಯಾರಿಗೂ ಗೊತ್ತಿಲ್ಲದ ಒಂದು ಮನೆ ನಾಯಿಯಿಂದ. ಆ ವರ್ಷ ಬೇರ್ ಪ್ರಕಟಿಸಿದ ಪುಸ್ತಿಕೆಯ ಹೆಸರು ಸಸ್ತನಿಗಳ ಮತ್ತು ಮನುಷ್ಯನ ಅಂಡಾಣುವಿನ ಉಗಮದ ಬಗ್ಗೆ. ಶೀರ್ಷಿಕೆಯಲ್ಲಿರುವ "ಮತ್ತು ಮನುಷ್ಯನ" ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಬೇರ್ ವಿಷಯದಲ್ಲಿ ಅದು ಸರಿಯೇ ಆಗಿತ್ತು. ತಪ್ಪಿದ್ದು ಮುಂದೆ.

1843ರ ಡಿಸೆಂಬರಿನಲ್ಲಿ ಜರ್ಮನಿಯ ಥಿಯೋಡೋರ್ ಬಿಷಾಫ್ ತನ್ನಲ್ಲಿದ್ದ ದೊಡ್ಡ ಹೆಣ್ಣು ನಾಯಿಯೊಂದು ಬೆದೆಗೆ ಬರುತ್ತಿರುವುದನ್ನು ಗಮನಿಸಿದ. 19ರಂದು ಗಂಡು ನಾಯಿಯನ್ನು ಬಿಟ್ಟು ನೋಡಿದರೆ ಇದು ಹತ್ತಿರ ಸೇರಿಸಲಿಲ್ಲ. ಎರಡು ದಿನ ಭದ್ರವಾಗಿ ಕೂಡಿಹಾಕಿ ಮತ್ತೆ ಬಿಟ್ಟಾಗ ಒಪ್ಪಿತು. ಆದರೆ ಕೂಡುವ ಮೊದಲೇ ಬೇರ್ಪಡಿಸಿದ. ಇನ್ನೆರಡು ದಿನ ಕಳೆದು ಒಂದು ಅಂಡಾಶಯವನ್ನು ಕತ್ತರಿಸಿ ತೆಗೆದ. ಕೋಶಗಳು ಉಬ್ಬಿದ್ದವು, ಬಿರಿದಿರಲಿಲ್ಲ. ಗಾಯ ಹೊಲಿದು, ಐದು ದಿನಗಳ ಮೇಲೆ ನಾಯಿಯನ್ನು ಕೊಂದು ನೋಡಿದರೆ ಉಳಿದ ಅಂಡಾಶಯದಲ್ಲಿ ಕೋಶಗಳು ಬಿರಿದು, ನಾಲ್ಕು ಅಂಡಾಣುಗಳು ನಾಳಕ್ಕೆ ಇಳಿದಿದ್ದವು. ಗಂಡಿನ ಸಂಪರ್ಕವೇ ಇಲ್ಲದೆ ಅಂಡಾಣು ತಾನಾಗಿ ಬಿಡುಗಡೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಕ್ರೂರ ಪ್ರಯೋಗ, ಆದರೆ ನಾಯಿಯ ಮಟ್ಟಿಗೆ ಫಲಿತಾಂಶ ಸರಿ.

1844ರಲ್ಲಿ ಅವನು ತಂದ ಪುಸ್ತಿಕೆಯ ಶೀರ್ಷಿಕೆಯಲ್ಲೂ "ಸಸ್ತನಿಗಳ ಮತ್ತು ಮನುಷ್ಯನ" ಎಂದೇ ಇತ್ತು. ಅವನ ತರ್ಕ ಹೀಗಿತ್ತು: ನಾಯಿಗೆ ರಕ್ತ ಬರುತ್ತದೆ, ಆ ಹೊತ್ತಿಗೇ ಅಂಡಾಣು ಬರುತ್ತದೆ. ಹೆಂಗಸಿಗೂ ನಿಯಮಿತವಾಗಿ ರಕ್ತ ಬರುತ್ತದೆ. ಆದ್ದರಿಂದ ಮುಟ್ಟು ಎಂದರೆ ಹೆಂಗಸಿನ ಬೆದೆ, ಅಂಡಾಣು ಬರುವುದೂ ಆಗಲೇ. ಫ್ರಾನ್ಸಿನ ಫೆಲಿಕ್ಸ್ ಪೂಶೆ 1847ರ ತನ್ನ ಗ್ರಂಥದಲ್ಲಿ ಇದನ್ನೇ ಇಡೀ ಪ್ರಾಣಿಲೋಕಕ್ಕೆ ಅನ್ವಯಿಸುವ ನಿಯಮವಾಗಿ ಮಂಡಿಸಿದ. ಹೆಂಗಸರಲ್ಲಿ ಇದನ್ನು ಪರೀಕ್ಷಿಸುವ ದಾರಿ ಆಗ ಇರಲಿಲ್ಲ, ಅದು ನಿಜ. ಆದರೆ ಪರೀಕ್ಷಿಸದ ಮಾತನ್ನು ಊಹೆ ಎನ್ನದೆ ಸಿದ್ಧಾಂತ ಎಂದರು.

ಈ ಸಿದ್ಧಾಂತ ಪುಸ್ತಕದಲ್ಲೇ ಉಳಿದಿದ್ದರೆ ಚಿಂತೆ ಇರಲಿಲ್ಲ. ಮಕ್ಕಳು ಸಾಕು ಎಂದುಕೊಂಡ ದಂಪತಿಗಳಿಗೆ ವೈದ್ಯರು ಸಲಹೆ ಕೊಡತೊಡಗಿದರು: ಮುಟ್ಟಿನ ಹಿಂದುಮುಂದಿನ ದಿನಗಳನ್ನು ಬಿಡಿ, ತಿಂಗಳ ನಡುವಿನ ದಿನಗಳು ಸುರಕ್ಷಿತ. ಬಸಿರಾಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚಿರುವ ದಿನಗಳನ್ನೇ ಸುರಕ್ಷಿತ ಎಂದು ಕೈಗಿತ್ತ ಸಲಹೆ ಇದು. 1853ರಲ್ಲಿ ಫ್ರಾನ್ಸಿನ ಅಮಿಯೆನ್ಸ್ ಊರಿನ ಬಿಷಪ್, ವೈದ್ಯರು ಹೇಳಿದ ದಿನಗಳನ್ನು ಅನುಸರಿಸುತ್ತಿರುವ ದಂಪತಿಗಳನ್ನು ಏನು ಮಾಡಬೇಕೆಂದು ರೋಮಿಗೆ ಕೇಳಿ ಬರೆದ. ಅವರನ್ನು ಕಾಡಬೇಡಿ ಎಂಬ ಉತ್ತರ ಬಂತು. ಚರ್ಚೂ ಬಿಟ್ಟಿತು, ವೈದ್ಯರೂ ಒಪ್ಪಿದರು, ಲೆಕ್ಕವೇ ತಪ್ಪಾಗಿತ್ತು.

ಇನ್ನೊಂದು ಪರಿಣಾಮ ಇದಕ್ಕಿಂತ ಕೆಟ್ಟದ್ದು. ಮುಟ್ಟು ಬೆದೆಯಾದರೆ, ಹೆಂಗಸು ತಿಂಗಳಿಗೊಮ್ಮೆ ಬೆದೆಗೆ ಬರುವ ಪ್ರಾಣಿಯಾದಳು. ಅವಳ ಮೈ ಮನಸ್ಸು ಎರಡಕ್ಕೂ ಅಂಡಾಶಯವೇ ಯಜಮಾನ ಎಂದಾಯಿತು. 1872ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ರಾಬರ್ಟ್ ಬ್ಯಾಟಿ ಎಂಬ ಶಸ್ತ್ರವೈದ್ಯ, ಮುಟ್ಟಿನ ತೊಂದರೆ ಮತ್ತು ನರಗಳ ಕಾಯಿಲೆಗೆಂದು ಆರೋಗ್ಯವಾಗಿದ್ದ ಅಂಡಾಶಯಗಳನ್ನೇ ತೆಗೆಯುವ ಶಸ್ತ್ರಚಿಕಿತ್ಸೆ ಶುರು ಮಾಡಿದ. ಮುಂದಿನ ದಶಕಗಳಲ್ಲಿ ಸಾವಿರಾರು ಹೆಂಗಸರು ಇದಕ್ಕೆ ಒಳಗಾದರು, ಸತ್ತವರೂ ಅನೇಕರು. ಅದೇ 1872ರಲ್ಲಿ, ಆಗ ಮ್ಯೂನಿಕ್‌ನಲ್ಲಿದ್ದ ನಮ್ಮ ಬಿಷಾಫ್, ಹೆಂಗಸರು ವೈದ್ಯಶಾಸ್ತ್ರ ಓದಬಾರದೆಂದು ವಾದಿಸುವ ಪುಸ್ತಿಕೆ ಬರೆದ. 1874ರಲ್ಲಿ ಲಂಡನ್ನಿನ ಮನೋವೈದ್ಯ ಹೆನ್ರಿ ಮಾಡ್ಸ್‌ಲಿ, ಮುಟ್ಟಿನ ಕಾರಣದಿಂದ ಹುಡುಗಿಯರ ಮೈ ಉನ್ನತ ಶಿಕ್ಷಣದ ಭಾರ ತಾಳದು ಎಂದು ಬರೆದ.

ಇದಕ್ಕೆ ಅಂಕಿ ಅಂಶಗಳಿಂದ ಉತ್ತರ ಕೊಟ್ಟವರು ನ್ಯೂಯಾರ್ಕಿನ ವೈದ್ಯೆ ಮೇರಿ ಪಟ್ನಮ್ ಜಾಕೋಬಿ. ಹೆಂಗಸರಿಗೆ ಒಂದು ಸಾವಿರ ಪ್ರಶ್ನಾವಳಿ ಕಳಿಸಿ, ಬಂದ 268 ಉತ್ತರಗಳನ್ನು ಕೋಷ್ಟಕಗಳಲ್ಲಿಟ್ಟು, ನಾಡಿಬಡಿತದ ನಕ್ಷೆಗಳನ್ನೂ ಸೇರಿಸಿ, ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ಕಡ್ಡಾಯ ವಿಶ್ರಾಂತಿ ಬೇಕೆಂಬುದಕ್ಕೆ ಆಧಾರವಿಲ್ಲ ಎಂದು ತೋರಿಸಿದರು. ಮುಟ್ಟನ್ನು ಪ್ರಾಣಿಗಳ ಬೆದೆಗೆ ಹೋಲಿಸುವುದು ತಪ್ಪು ಎಂದೂ ವಾದಿಸಿದರು. ಹೆಸರು ಮರೆಮಾಡಿ ಸಲ್ಲಿಸಿದ ಆ ಪ್ರಬಂಧಕ್ಕೆ 1876ರಲ್ಲಿ ಹಾರ್ವರ್ಡ್‌ನ ಬಾಯ್ಲ್‌ಸ್ಟನ್ ಬಹುಮಾನ ಬಂತು. ಆಗ ಹಾರ್ವರ್ಡ್ ವೈದ್ಯಕೀಯ ಶಾಲೆ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಬಹುಮಾನ ಕೊಟ್ಟರೂ ವೈದ್ಯಲೋಕ ಅವರ ಮಾತನ್ನು ಪೂರ್ತಿ ಒಪ್ಪಲಿಲ್ಲ.

ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾತ್ರವಿದೆ. ಇಂಗ್ಲೆಂಡಿನ ವಾಲ್ಟರ್ ಹೀಪ್ 1891ರಲ್ಲಿ ಕಲ್ಕತ್ತಕ್ಕೆ ಬಂದು ನಮ್ಮ ಮುಸುವ, ಕೋತಿಗಳನ್ನು ಅಧ್ಯಯನ ಮಾಡಿದ. ಮಂಗಗಳಿಗೂ ಹೆಂಗಸರಂತೆ ಮುಟ್ಟಿದೆ. ಆದರೆ ಮುಟ್ಟಿನ ಜೊತೆಗೇ ಅಂಡಾಣು ಬಿಡುಗಡೆಯಾಗಲೇಬೇಕೆಂದಿಲ್ಲ ಎಂದು ಅವನಿಗೆ ಕಂಡಿತು. 1900ರಲ್ಲಿ ಹೀಪ್ ಪ್ರಾಣಿಗಳ ಬೆದೆಯ ಹಂತಗಳಿಗೆ ಹೆಸರಿಟ್ಟ. ಇಂದು ನಮ್ಮ ಪಶುವೈದ್ಯರು ಚೀಟಿಯಲ್ಲಿ ಬರೆಯುವ ಪ್ರೊಈಸ್ಟ್ರಸ್, ಈಸ್ಟ್ರಸ್ ಎಂಬ ಪದಗಳು ಅವನ ಕೊಡುಗೆ. ಈಸ್ಟ್ರಸ್ ಪದದ ಮೂಲವಾದ ಗ್ರೀಕ್ ಮಾತಿನ ಅರ್ಥ, ದನಗಳನ್ನು ಕಚ್ಚಿ ದಿಕ್ಕೆಟ್ಟು ಓಡಿಸುವ ನೊಣ. ಇಷ್ಟು ಹತ್ತಿರ ಬಂದ ಹೀಪ್ ಕೂಡ ಅದೇ ಪ್ರಬಂಧದಲ್ಲಿ, ನಾಯಿಯ ಪ್ರೊಈಸ್ಟ್ರಸ್ ರಕ್ತಕ್ಕೂ ಹೆಂಗಸಿನ ಮುಟ್ಟಿಗೂ ಸಮೀಕರಣ ಹಾಕಿದ. ಹೆಸರುಗಳು ಹೊಸದಾದವು, ಹಳೆಯ ತಪ್ಪು ಮುಂದುವರಿಯಿತು.

ಗಂಟು ಬಿಡಿಸಿದವರು ಇಬ್ಬರು ಸ್ತ್ರೀರೋಗ ವೈದ್ಯರು, ಒಬ್ಬರನ್ನೊಬ್ಬರು ಅರಿಯದೆ. ಜಪಾನಿನ ನಿಗಾಟಾದಲ್ಲಿ ಕ್ಯೂಸಾಕು ಓಗಿನೊ ಶಸ್ತ್ರಚಿಕಿತ್ಸೆಯ ವೇಳೆ ಹೆಂಗಸರ ಅಂಡಾಶಯಗಳನ್ನು ನೋಡಿ, ಅವರ ಮುಟ್ಟಿನ ದಿನಾಂಕಗಳ ಜೊತೆ ತಾಳೆ ಹಾಕಿ, 1924ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿದ: ಅಂಡಾಣು ಬರುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು. ಆಸ್ಟ್ರಿಯಾದ ಹರ್ಮನ್ ಕ್ನಾಸ್ 1920ರ ದಶಕದ ಕೊನೆಗೆ ಬೇರೆ ದಾರಿಯಲ್ಲಿ ಅದೇ ಜಾಗಕ್ಕೆ ಬಂದ. ಬಿಷಾಫ್‌ನ ನಾಯಿಯಿಂದ ಇಲ್ಲಿಗೆ ಎಂಬತ್ತು ವರ್ಷ. ನಾಯಿಯ ಬೆದೆಯನ್ನು ನಾಯಿಯದೆಂದೇ ನೋಡಿದ ಇವಾನ್ಸ್ ಮತ್ತು ಕೋಲ್ ಅವರ ವಿವರವಾದ ಅಧ್ಯಯನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದದ್ದು 1931ರಲ್ಲಿ. ಇದಕ್ಕೆ ನೆರವಾದ ವಿಧಾನ ಯೋನಿಯ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ ನೋಡುವುದು. 1917ರಲ್ಲಿ ಗಿನಿಪಿಗ್‌ಗಳಲ್ಲಿ ಸ್ಟಾಕಾರ್ಡ್ ಜೊತೆ ಅದನ್ನು ರೂಢಿಗೆ ತಂದವನು ಪಾಪಾನಿಕೊಲಾವ್. ಹೆಂಗಸರ ಕ್ಯಾನ್ಸರ್ ತಪಾಸಣೆಯ ಪ್ಯಾಪ್ ಪರೀಕ್ಷೆಯೂ ಅವನದೇ. ಇಂದಿಗೂ ನಾಯಿಯ ಬೆದೆ ಯಾವ ಹಂತದಲ್ಲಿದೆ ಎಂದು ನೋಡಲು ಪಶುವೈದ್ಯರು ಮಾಡುವುದು ಇದೇ ಪರೀಕ್ಷೆ, ಜೊತೆಗೆ ರಕ್ತದಲ್ಲಿ ಪ್ರೊಜೆಸ್ಟರಾನ್ ಪ್ರಮಾಣ.

ಇಷ್ಟು ದೊಡ್ಡ ಚರಿತ್ರೆ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಏನು ಹೇಳುತ್ತದೆ? ಮೊದಲನೆಯದಾಗಿ, ರಕ್ತ ಕಂಡ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಾಮಾನ್ಯವಾಗಿ ಮೊದಲ ಬೆದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಬರುತ್ತದೆ, ದೊಡ್ಡ ಜಾತಿಗಳಲ್ಲಿ ಇನ್ನೂ ತಡ. ಆಮೇಲೆ ಆರೇಳು ತಿಂಗಳಿಗೊಮ್ಮೆ. ಮೊದಲ ವಾರ ಗಂಡು ನಾಯಿಗಳು ಹಿಂದೆ ಬಿದ್ದರೂ ಇದು ಗದರಿ ಓಡಿಸುತ್ತದೆ. ಆ ಧೈರ್ಯದ ಮೇಲೆ ಮುಂದಿನ ವಾರ ಬೆಲ್ಟು ಬಿಚ್ಚಬೇಡಿ. ಕೆಂಪು ತಿಳಿಯಾಗಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಬಾಲ ಒಂದು ಬದಿಗೆ ಸರಿಸಿ ನಿಲ್ಲತೊಡಗಿತೆಂದರೆ ಅಪಾಯದ ದಿನಗಳು ಆಗ ಶುರುವಾದವು. ಕೆಲವು ನಾಯಿಗಳಿಗೆ ಕೊನೆಯವರೆಗೂ ರಕ್ತ ಹೋಗುತ್ತದೆ, ಕೆಲವಕ್ಕೆ ಕಾಣುವಷ್ಟೂ ಹೋಗುವುದಿಲ್ಲ. ಆದ್ದರಿಂದ ಬಣ್ಣ ನೋಡುವುದಕ್ಕಿಂತ ದಿನ ಎಣಿಸುವುದು ಕ್ಷೇಮ: ಕನಿಷ್ಠ ಮೂರು ವಾರ, ಸಾಧ್ಯವಾದರೆ ನಾಲ್ಕು. ಡೈಪರ್ ನೆಲವನ್ನು ಕಾಪಾಡುತ್ತದೆ, ನಾಯಿಯನ್ನಲ್ಲ. ಅದನ್ನೂ ಆಗಾಗ ಬದಲಿಸದಿದ್ದರೆ ಚರ್ಮ ಹುಣ್ಣಾಗುತ್ತದೆ.

ಎರಡನೆಯದು, ಬೆದೆ ಇಳಿದ ಮೇಲಿನ ಎರಡು ತಿಂಗಳು. ನಾಯಿಯಲ್ಲಿ ಬಸಿರು ನಿಂತರೂ ನಿಲ್ಲದಿದ್ದರೂ ಪ್ರೊಜೆಸ್ಟರಾನ್ ಸುಮಾರು ಎರಡು ತಿಂಗಳು ಏರಿಯೇ ಇರುತ್ತದೆ. ಅದಕ್ಕೇ ಗಂಡಿನ ನೆರಳೂ ಬೀಳದ ನಾಯಿ ಕೆಲವೊಮ್ಮೆ ಮೊಲೆ ತುಂಬಿಕೊಂಡು, ಚಪ್ಪಲಿಯನ್ನೋ ಗೊಂಬೆಯನ್ನೋ ಮರಿಯಂತೆ ಅವುಚಿ ಮಲಗುವುದು. ಇದು ಸುಳ್ಳು ಬಸಿರು. ಹೆಚ್ಚಾಗಿ ತಾನೇ ಸರಿಹೋಗುತ್ತದೆ. ಆದರೆ ಈ ದಿನಗಳಲ್ಲೇ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುವುದು. ನಾಯಿ ಅತಿಯಾಗಿ ನೀರು ಕುಡಿಯುತ್ತಿದೆ, ಊಟ ಬಿಟ್ಟಿದೆ, ಮಂಕಾಗಿದೆ, ಮತ್ತೆ ಸ್ರಾವ ಕಂಡಿದೆ ಎಂದರೆ "ಪೀರಿಯಡ್ಸ್ ಮತ್ತೆ ಬಂತು" ಎಂದು ಸುಮ್ಮನೆ ಕೂರುವಂತಿಲ್ಲ. ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಸ್ರಾವವೇ ಕಾಣದ ಬಗೆಯದು ಇನ್ನೂ ಅಪಾಯಕಾರಿ. ಮುಟ್ಟು ಎಂಬ ತಪ್ಪು ಹೆಸರು ನಾಯಿಯ ಜೀವಕ್ಕೇ ಎರವಾಗುವುದು ಇಲ್ಲಿ. ಮರಿ ಬೇಡವಾದವರು ಆಪರೇಷನ್ ಮಾಡಿಸಿದರೆ ಈ ಭಯವೂ ಹೋಗುತ್ತದೆ. ಬೆದೆಯ ನಡುವೆ ರಕ್ತಸಂಚಾರ ಹೆಚ್ಚಿರುವುದರಿಂದ, ಅದು ಮುಗಿದ ಎರಡು ಮೂರು ತಿಂಗಳ ಮೇಲೆ ಮಾಡುವುದನ್ನು ವೈದ್ಯರು ಇಷ್ಟಪಡುತ್ತಾರೆ.

ಮೂರನೆಯದು ಬೀದಿಯ ಮಾತು. ಹೋದಲ್ಲೆಲ್ಲ ಹೆಣ್ಣಿನ ಹಿಂದೆ ಬೀಳುವ ಗಂಡಸನ್ನು ನಮ್ಮ ಜನ ಕಾರ್ತಿಕದ ನಾಯಿ ಎಂದು ಬಯ್ಯುವುದುಂಟು. ಬೈಗುಳದ ಒಳಗೆ ಸರಿಯಾದ ವೀಕ್ಷಣೆಯಿದೆ: ನಮ್ಮ ಬೀದಿ ನಾಯಿಗಳು ಹೆಚ್ಚಾಗಿ ಮಳೆಗಾಲ ಮುಗಿಯುವ ಹೊತ್ತಿಗೆ ಬೆದೆಗೆ ಬಂದು, ಚಳಿಗಾಲದಲ್ಲಿ ಮರಿ ಹಾಕುತ್ತವೆ. ಶತಮಾನಕ್ಕೂ ಹೆಚ್ಚು ಕಾಲ ನಗರಸಭೆಗಳು ಇದಕ್ಕೆ ಕಂಡುಕೊಂಡಿದ್ದ ಉಪಾಯ ಕೊಲ್ಲುವುದೊಂದೇ. ಮದ್ರಾಸಿನಲ್ಲಿ 1959ರಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವ ಬದಲು ಸಂತಾನಹರಣ ಮಾಡಿ ಬಿಡೋಣ ಎಂದು ಹಟ ಹಿಡಿದು, 1990ರ ದಶಕದಲ್ಲಿ ಅಲ್ಲಿನ ಕಾರ್ಪೊರೇಷನ್ನನ್ನು ಒಪ್ಪಿಸಿತು. 2001ರಲ್ಲಿ ಕೇಂದ್ರ ಸರ್ಕಾರದ ನಿಯಮಗಳು ಬಂದವು, 2023ರಲ್ಲಿ ಹೊಸ ನಿಯಮಗಳು. ಅವು ಎಷ್ಟರ ಮಟ್ಟಿಗೆ ನಡೆಯುತ್ತಿವೆ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಆ ಜಗಳದಲ್ಲಿ ಯಾವ ಕಡೆ ನಿಂತವರಿಗೂ ಒಂದು ಮಾತು ಅನ್ವಯಿಸುತ್ತದೆ: ಮನೆಯ ನಾಯಿಯ ಬೇಡದ ಮರಿಗಳನ್ನು ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ರಸ್ತೆಯ ಬದಿಗೆ ಬಿಟ್ಟರೆ, ಮುಂದಿನ ಕಾರ್ತಿಕಕ್ಕೆ ಅವೂ ಬೀದಿ ನಾಯಿಗಳೇ.

ಸ್ಪಲಾಂಜಾನಿ ಕೀಲಿ ಇಟ್ಟುಕೊಂಡು ಹತ್ತು ದಿನ ಕಾದದ್ದು ನಾಯಿಯ ಗಡಿಯಾರ ನಾಯಿಯದೇ ಎಂದು ಒಪ್ಪಿಕೊಂಡಂತಿತ್ತು. ಬಿಷಾಫ್ ಕೂಡ ನಾಯಿಯ ಗಡಿಯಾರವನ್ನು ಸರಿಯಾಗಿಯೇ ಓದಿದ. ಅದನ್ನು ಹೆಂಗಸಿನ ಕೈಗೆ ಕಟ್ಟಿದ್ದು ತಪ್ಪಾಯಿತು. ನಾವು ಫ್ಲ್ಯಾಟುಗಳಲ್ಲಿ ಮಾಡುತ್ತಿರುವುದು ಅದೇ ತಪ್ಪಿನ ಇನ್ನೊಂದು ಮಗ್ಗುಲು: ಹೆಂಗಸಿನ ಗಡಿಯಾರವನ್ನು ನಾಯಿಗೆ ಕಟ್ಟುತ್ತಿದ್ದೇವೆ. ಮನೆಗೆ ಮಕ್ಕಳಿದ್ದರೆ ಅವರಿಗೂ ಹೇಳಿಕೊಡಿ, ಜೂಲಿ ಬೆದೆಗೆ ಬಂದಿದೆ ಎಂದು. ಅಜ್ಜಿ ತಾತಂದಿರು ಸಂಕೋಚವಿಲ್ಲದೆ ಕೊಟ್ಟಿಗೆಯಲ್ಲಿ ಆಡುತ್ತಿದ್ದ ಪದ ಅದು. ಹಾಲ್‌ನಲ್ಲಿ ಆಡಲು ನಮಗೇಕೆ ಸಂಕೋಚ?